ಒಂದನೇ ಅರ್ಜಿದಾರರು, ಎರಡನೇ ಅರ್ಜಿದಾರರು

ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ, ಕೌಟುಂಬಿಕ ನ್ಯಾಯಾಲಯವಿರುವ ನ್ಯಾಯದೇಗುಲದ ಹತ್ತಿರದಲ್ಲಿರುವ ಒಂದು ಜೆರಾಕ್ಸ್ ಅಂಗಡಿಯಲ್ಲಿ, 2023ರ ಫೆಬ್ರವರಿಯ ಒಂದು ಬೆಳಿಗ್ಗೆ, ಹುಡುಗನೊಬ್ಬ ನನ್ನ ಮದುವೆಯ ಫೋಟೊವನ್ನು ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಮುಚ್ಚಳ ಮುಚ್ಚಿದ. ಅದು ಧಾರೆಯ ಹೊತ್ತಿನ ಫೋಟೊ. ಅಪ್ಪ ತುಸು ಬಗ್ಗಿ ನಿಂತಿದ್ದಾರೆ, ಅಮ್ಮನ ಕೈಯಲ್ಲಿ ಬೆಳ್ಳಿಯ ತಂಬಿಗೆ ಇದೆ, ನಮ್ಮಿಬ್ಬರ ಕೈಗಳು ತೆಂಗಿನಕಾಯಿಯ ಸುತ್ತ ಒಂದರ ಮೇಲೊಂದು ಕೂತಿವೆ. "ಕಲರ್ ಬೇಕಾ ಮೇಡಂ, ಬ್ಲ್ಯಾಕ್ ಅಂಡ್ ವೈಟಾ?" ಎಂದು ಅವನು ಕೇಳಿದ. ವಕೀಲರು ಏನೂ ಹೇಳಿರಲಿಲ್ಲವಾದ್ದರಿಂದ ಬ್ಲ್ಯಾಕ್ ಅಂಡ್ ವೈಟೇ ಸಾಕೆಂದೆ. ಹೊರಬಂದ ಹಾಳೆಯಲ್ಲಿ ಬಾಸಿಂಗ, ಜರಿಯಂಚು, ಹಾರದ ಒಂದೊಂದು ಹೂವೂ ಸ್ಪಷ್ಟವಾಗಿ ಮೂಡಿದ್ದವು. ಮುಖಗಳಿರಬೇಕಾದ ಜಾಗದಲ್ಲಿ ಮಾತ್ರ ಎರಡು ಮಸಿಯ ಮುದ್ದೆಗಳಿದ್ದವು. ಮತ್ತೆ ಕಲರಿನಲ್ಲಿ ತೆಗೆಸಬೇಕಾಯಿತು.

ಮುಚ್ಚಳದ ಅಂಚಿನಲ್ಲಿ ಆ ಯಂತ್ರದ ಬೆಳಕು ಹರಿದುಹೋದಾಗ ನನಗೆ ನೆನಪಾದದ್ದು ಅಸ್ಗರ್ ಫರ್ಹಾದಿಯವರ ಇರಾನಿ ಚಿತ್ರ ‘ಎ ಸೆಪರೇಷನ್’. 2011ರ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪಡೆದು, ಮರುವರ್ಷ ವಿದೇಶಿ ಭಾಷಾ ಚಿತ್ರದ ಆಸ್ಕರ್ ಅನ್ನೂ ಗೆದ್ದ ಆ ಚಿತ್ರದ ಶೀರ್ಷಿಕೆಗಳು ತೆರೆಯ ಮೇಲೆ ಬರುವುದು ಇಂಥದೇ ಒಂದು ಯಂತ್ರದ ಒಳಗಿನಿಂದ. ಗುರುತಿನ ಪತ್ರಗಳು ಒಂದೊಂದಾಗಿ ಗಾಜಿನ ಮೇಲೆ ಬಂದು ಬೀಳುತ್ತವೆ, ಬೆಳಕು ಹಾಯುತ್ತದೆ, ಹೋಗುತ್ತದೆ. ಆಮೇಲೆ ಟೆಹರಾನಿನ ದಂಪತಿಗಳಿಬ್ಬರು ನಮ್ಮ ಕಡೆಗೆ ಮುಖ ಮಾಡಿ ಕೂತು ವಾದಿಸುತ್ತಾರೆ. ನ್ಯಾಯಾಧೀಶರು ಕಾಣಿಸುವುದಿಲ್ಲ, ದನಿ ಮಾತ್ರ ಕೇಳಿಸುತ್ತದೆ, ಏಕೆಂದರೆ ಕ್ಯಾಮೆರಾ ಇರುವುದು ಅವರ ಜಾಗದಲ್ಲಿ. ಮಗಳ ಭವಿಷ್ಯಕ್ಕಾಗಿ ದೇಶ ಬಿಡಬೇಕೆನ್ನುವ ಸಿಮಿನ್, ಮರೆವಿನ ಕಾಯಿಲೆಯ ತಂದೆಯನ್ನು ಬಿಟ್ಟು ಬರಲಾರೆನೆನ್ನುವ ನಾದೆರ್; ಇಬ್ಬರ ಮಾತೂ ನಿಜ. 2012ರಲ್ಲಿ, ಮಗಳು ತೊಟ್ಟಿಲಲ್ಲಿದ್ದ ಕಾಲಕ್ಕೆ, ನಾವಿಬ್ಬರೂ ಅದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಮಧ್ಯರಾತ್ರಿಯವರೆಗೆ ಜಗಳವಾಡಿದ್ದೆವು. ನಾನು ನಾದೆರ್ ಪರ, ನನ್ನ ಗಂಡ ಸಿಮಿನ್ ಪರ. ಅಪ್ಪನನ್ನು ಬಿಟ್ಟು ಹೋಗು ಎನ್ನುವ ಹೆಂಗಸು ಎಂಥವಳು ಎಂದು ಅಂದು ಕೇಳಿದ್ದವಳು ನಾನು. ಮುಂದೆ ಮನೆ ಬಿಟ್ಟು ಬಂದವಳೂ ನಾನೇ.

ನಾವು ಬೇರೆಯಾದ ಕಾರಣವನ್ನು ಇಲ್ಲಿ ಬರೆಯುವುದಿಲ್ಲ. ನಾವು ಹೋದ ದಾರಿಯಲ್ಲಿ ಕಾನೂನು ಕೂಡ ಅದನ್ನು ಕೆದಕುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೂರೇ ಸಂಗತಿಗಳನ್ನು ಕೇಳುತ್ತದೆ: ದಂಪತಿಗಳು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದಿಂದ ಬೇರೆ ಇರಬೇಕು, ಒಟ್ಟಿಗೆ ಬಾಳಲು ಅವರಿಂದ ಆಗಿರಬಾರದು, ಮದುವೆ ರದ್ದಾಗಲೆಂದು ಇಬ್ಬರೂ ಒಪ್ಪಿರಬೇಕು. ಬೇರೆ ವಿಚ್ಛೇದನದ ಮೊಕದ್ದಮೆಗಳಲ್ಲಿ ಒಬ್ಬರು ಅರ್ಜಿದಾರರಾದರೆ ಇನ್ನೊಬ್ಬರು ಪ್ರತಿವಾದಿಯಾಗುತ್ತಾರೆ. ಇದರಲ್ಲಿ ಪ್ರತಿವಾದಿಯೇ ಇಲ್ಲ. ಅವರು ಒಂದನೇ ಅರ್ಜಿದಾರರು, ನಾನು ಎರಡನೇ ಅರ್ಜಿದಾರಳು. ವಕೀಲರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ ಕರಡನ್ನು ಇಬ್ಬರೂ ಓದಿ, ಇಬ್ಬರೂ ತಿದ್ದಿ, ಪ್ರತಿ ಪುಟದ ಕೆಳಗೆ ಇಬ್ಬರೂ ಸಹಿ ಮಾಡಿದೆವು. ಮಗಳ ಶಾಲೆಯ ಅರ್ಜಿಯನ್ನು ಕೂಡ ನಾನೊಬ್ಬಳೇ ತುಂಬಿ ಅವರ ಸಹಿ ಪಡೆದವಳು. ಹದಿಮೂರು ವರ್ಷದ ಸಂಸಾರದಲ್ಲಿ ಸಾಲು ಸಾಲಾಗಿ ಚರ್ಚಿಸಿ ನಾವಿಬ್ಬರೂ ಸೇರಿ ಬರೆದ ಬರಹ ಇದೊಂದೇ ಎಂಬುದು ಸಹಿ ಹಾಕುವಾಗ ಹೊಳೆಯಿತು.

ವಕೀಲರು ಮೊದಲು ಹೇಳಿದ ತಾರೀಖು ಫೆಬ್ರವರಿ 20, ಸೋಮವಾರ. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡಿ, "ಅವತ್ತು ಅಮಾವಾಸ್ಯೆ ಕಣೇ" ಎಂದರು. "ಶುಭಕಾರ್ಯಾನಾ ಇದು, ಮುಹೂರ್ತ ನೋಡೋಕೆ?" ಎಂದು ಅಪ್ಪ ರೇಗಿದರು. ಕೊನೆಗೆ ಅರ್ಜಿ ಸಲ್ಲಿಕೆಯಾದದ್ದು 22ರಂದು, ಬುಧವಾರ. ಅಮ್ಮನ ಮಾತಿಗಾಗಿ ಅಲ್ಲ, ನನ್ನ ತಪ್ಪಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಇದೆ, ಆಧಾರಿನಲ್ಲಿ ಹೆಸರಿನ ಹಿಂದೆ ಗಂಡನ ಹೆಸರಿದೆ, ಲಗ್ನಪತ್ರಿಕೆಯಲ್ಲಿ ‘ಚಿ|| ಕುಂ|| ಸೌ||’ ಎಂದು ಆರಂಭವಾಗಿ ಮನೆಯವರು ಕರೆಯುವ ಹೆಸರು ಅಚ್ಚಾಗಿದೆ. ಈ ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಗುತ್ತದೆಂದು ವಕೀಲರು ವಾರದ ಹಿಂದೆಯೇ ಹೇಳಿದ್ದರು, ನಾನು ಮರೆತಿದ್ದೆ. ಮದುವೆ ನಡೆದದ್ದು ತುಮಕೂರಿನಲ್ಲಾದರೂ ಕೊನೆಯದಾಗಿ ಒಟ್ಟಿಗೆ ವಾಸವಿದ್ದದ್ದು ಬೆಂಗಳೂರಿನಲ್ಲಿ ಆದ್ದರಿಂದ ಇಲ್ಲಿಯೇ ಅರ್ಜಿ ಹಾಕಬಹುದಿತ್ತು. ಆ ತೊಡಕು ಬರಲಿಲ್ಲ.

ನನಗಿದ್ದ ಅಳುಕು ಬೇರೆಯದು. ನಾವು ಗಂಡ ಹೆಂಡತಿಯಾಗಿ ಬಾಳುವುದು ನಿಂತದ್ದು 2021ರ ಜೂನ್‌ನಲ್ಲಿ, ಆದರೆ ನಾನು ತವರಿಗೆ ಬಂದದ್ದು ನವೆಂಬರಿನಲ್ಲಿ. ನಡುವಿನ ಐದು ತಿಂಗಳು ನಾನು ಅದೇ ಮನೆಯಲ್ಲಿ ಮಗಳ ಕೋಣೆಯಲ್ಲಿ ಮಲಗುತ್ತಿದ್ದೆ; ಒಂದೇ ಕುಕ್ಕರಿನ ಅನ್ನವನ್ನು ಬೇರೆ ಬೇರೆ ಹೊತ್ತಿನಲ್ಲಿ ಉಣ್ಣುತ್ತಿದ್ದೆವು. ಅದನ್ನು ಬೇರೆ ಇದ್ದದ್ದೆಂದು ಯಾರು ನಂಬುತ್ತಾರೆ? ವಕೀಲರು ಸುರೇಷ್ಟಾ ದೇವಿ ಪ್ರಕರಣದ ಬಗ್ಗೆ ಹೇಳಿದರು. ಬೇರೆ ಇರುವುದೆಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಇದ್ದೂ ದಂಪತಿಗಳಂತೆ ಬಾಳದಿರಬಹುದೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದ ತೀರ್ಪು ಅದು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳುತ್ತದೆ: ಇಬ್ಬರ ಒಪ್ಪಿಗೆಯೂ ಡಿಕ್ರಿಯಾಗುವ, ಅಂದರೆ ನ್ಯಾಯಾಲಯದ ಅಂತಿಮ ಆದೇಶ ಬರುವ ಕ್ಷಣದವರೆಗೂ ಉಳಿದಿರಬೇಕು, ನಡುವೆ ಯಾರೊಬ್ಬರು ಬೇಡವೆಂದರೂ ಅರ್ಜಿ ಬಿದ್ದುಹೋಗುತ್ತದೆ. ಆ ನಾಲ್ಕು ತಿಂಗಳು ಇಬ್ಬರೂ ಒಬ್ಬರೊಡನೊಬ್ಬರು ಅಷ್ಟು ನಾಜೂಕಾಗಿ ನಡೆದುಕೊಂಡದ್ದಕ್ಕೆ ಈ ಭಯವೂ ಒಂದು ಕಾರಣವಿರಬೇಕು.

ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಎಂಬ ಎರಡಕ್ಷರದಿಂದ ಆರಂಭವಾಗುವ ಒಂದು ಸಂಖ್ಯೆ ನಮ್ಮ ಮದುವೆಗೆ ಸಿಕ್ಕಿತು. ಮೊದಲ ದಿನ ಕೂಗಿಗಾಗಿ ಕಾಯುತ್ತ ನಿಂತಾಗ ನಾನು ಊಹಿಸಿದ್ದ ಯಾವುದೂ ಅಲ್ಲಿರಲಿಲ್ಲ. ನಮ್ಮ ಸಿನಿಮಾಗಳಲ್ಲಿ ನ್ಯಾಯಾಲಯವೆಂದರೆ ಕಟಕಟೆ, ಮೇಜು ಕುಟ್ಟುವ ಸುತ್ತಿಗೆ, ಕೊನೆಯ ಗಳಿಗೆಯಲ್ಲಿ ಓಡಿಬರುವ ಸಾಕ್ಷಿ. ಅಲ್ಲಿದ್ದದ್ದು ಟಿಫಿನ್ ಡಬ್ಬಿ ಹಿಡಿದ ತಾಯಂದಿರು, ತಂದೆಯ ತೋಳಿನಲ್ಲಿ ನಿದ್ದೆಹೋಗಿದ್ದ ಒಂದು ಮಗು, ಕಡತಗಳ ಕೆಂಪು ದಾರ. ಬಾಗಿಲಲ್ಲಿ ನಿಂತ ಜವಾನರು ಇಬ್ಬರ ಹೆಸರನ್ನೂ ಒಟ್ಟಿಗೆ, ಲಗ್ನಪತ್ರಿಕೆಯಲ್ಲಿದ್ದ ಅದೇ ಕ್ರಮದಲ್ಲಿ ಕೂಗಿದರು. ಫರ್ಹಾದಿಯವರ ಆ ಮೊದಲ ದೃಶ್ಯದಲ್ಲಿ ವಕೀಲರೇ ಇಲ್ಲ, ಗಂಡಹೆಂಡಿರೇ ನೇರವಾಗಿ ಮಾತನಾಡುತ್ತಾರೆ. 1984ರ ನಮ್ಮ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಆಶಯವೂ ಹೆಚ್ಚುಕಡಿಮೆ ಅದೇ: ಅದರ 13ನೇ ಕಲಮಿನ ಪ್ರಕಾರ ವಕೀಲರ ಮೂಲಕ ವಾದಿಸುವುದು ಪಕ್ಷಕಾರರ ಹಕ್ಕಲ್ಲ. ರೂಢಿಯಲ್ಲಿ ಮಾತ್ರ ವಕೀಲರು ಇದ್ದೇ ಇರುತ್ತಾರೆ. ಆದರೂ ನ್ಯಾಯಾಧೀಶರು ನಮ್ಮನ್ನೇ ನೋಡಿ, ಕನ್ನಡದಲ್ಲಿ, "ಯಾರ ಬಲವಂತವೂ ಇಲ್ಲ ತಾನೇ? ಇನ್ನೊಂದು ಸಲ ಯೋಚನೆ ಮಾಡ್ತೀರೇನಮ್ಮಾ?" ಎಂದು ಕೇಳಿದರು. ರಾಜಿಗೆ ಪ್ರಯತ್ನಿಸುವುದು ಅದೇ ಕಾಯ್ದೆ ಅವರ ಮೇಲೆ ಹೊರಿಸಿದ ಹೊಣೆ ಎಂಬುದು ನನಗೆ ಗೊತ್ತಿತ್ತು; ಗೊತ್ತಿದ್ದರೂ ಆ ‘ಅಮ್ಮಾ’ ಎಂಬ ಕರೆಗೆ ಗಂಟಲು ಕಟ್ಟಿತು. ನಮ್ಮನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದರು.

ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ನ್ಯಾಯಾಲಯ ಕಳುಹಿಸಿದ ಪ್ರಕರಣಕ್ಕೆ ಪಕ್ಷಕಾರರು ಅಲ್ಲಿ ಹಣ ಕೊಡಬೇಕಿಲ್ಲ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದೆಂಬುದು ನಿಯಮ. ಆದ್ದರಿಂದ ಈ ಭಾಗವನ್ನು ಬರೆದ ಮೇಲೆ ಒಂದನೇ ಅರ್ಜಿದಾರರಿಗೆ ಕಳುಹಿಸಿ ಓದಿಸಿದ್ದೇನೆ. ಒಂದು ಪ್ಯಾರಾ ತೆಗೆಯಲು ಹೇಳಿದರು, ತೆಗೆದಿದ್ದೇನೆ.

ನಾವು ಮೂರು ಸಲ ಕೂತೆವು. ದುಂಡು ಮೇಜು, ನೀರಿನ ಬಾಟಲಿ, ನಡುವೆ ಐವತ್ತು ದಾಟಿದ ಮಧ್ಯಸ್ಥಗಾರರೊಬ್ಬರು. ಮೊದಲ ಅರ್ಧ ಗಂಟೆಯಲ್ಲಿಯೇ ನನಗೊಂದು ವಿಚಿತ್ರ ತೊಂದರೆ ಎದುರಾಯಿತು: ಅವರನ್ನು ಏನೆಂದು ಕರೆಯುವುದು? ಮದುವೆಯಾದಂದಿನಿಂದ ‘ರೀ’ ಎಂದೇ ಕರೆದವಳು ನಾನು. ಹೆಸರು ಹಿಡಿದು ಕರೆಯಲು ನಾಲಿಗೆ ಏಳದು. ವಕೀಲರಂತೆ ‘ಒಂದನೇ ಅರ್ಜಿದಾರರು’ ಎನ್ನಲಾಗದು. ಕೊನೆಗೆ ಎಲ್ಲ ಮಾತನ್ನೂ ಮಧ್ಯಸ್ಥಗಾರರಿಗೇ ಹೇಳುತ್ತ, ಅವರನ್ನು ಪ್ರಥಮ ಪುರುಷದಲ್ಲಿ ‘ಅವರು’ ಎಂದು ಕರೆಯತೊಡಗಿದೆ. ಶಾಲಾ ಶುಲ್ಕದ ಮೊತ್ತ ಬರೆಯುವಾಗ ನನ್ನ ಪೆನ್ನು ನಿಂತುಹೋಯಿತು. "ರೀ, ಪೆನ್ ಕೊಡಿ" ಎಂದುಬಿಟ್ಟೆ. ಅವರು ಜೇಬಿನಿಂದ ತೆಗೆದು ಕೊಟ್ಟರು. ಮಧ್ಯಸ್ಥಗಾರರು ತಲೆ ಎತ್ತಿ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಹೇಳದೆ ಮತ್ತೆ ಹಾಳೆಗೆ ಹೋದರು. ಅವರು ಆಗ ಏನಾದರೂ ಹೇಳಿದ್ದರೆ ನಾನು ಎದ್ದು ಹೊರಗೆ ಬರುತ್ತಿದ್ದೆನೇನೋ.

ಹಣದ ಮಾತು ಬೇಗ ಮುಗಿಯಿತು. ನನಗೆ ಸಂಬಳವಿದೆ, ಜೀವನಾಂಶ ಬೇಡವೆಂದೆ. ಮಗಳ ಹೆಸರಿನಲ್ಲಿ ಅವರು ಹನ್ನೆರಡು ಲಕ್ಷ ಇಡುವುದು, ಅದರಲ್ಲಿ ಅರ್ಧದ ಡಿ.ಡಿ.ಯನ್ನು ಕೊನೆಯ ದಿನ ನ್ಯಾಯಾಧೀಶರ ಮುಂದೆ ಕೊಡುವುದು ಎಂದಾಯಿತು. ನಾವು ಎಡವಿದ್ದು ಒಡವೆಯ ಪಟ್ಟಿಯಲ್ಲಿ. ಮದುವೆಯಲ್ಲಿ ಹೆಣ್ಣಿಗೆ ಬಂದದ್ದು, ತವರಿನವರು ಕೊಟ್ಟದ್ದಾಗಲಿ ಅತ್ತೆಮನೆಯವರು ಕೊಟ್ಟದ್ದಾಗಲಿ, ಅವಳ ಸ್ತ್ರೀಧನವೇ. ಗಂಡನಿಗೆ ಅದರಲ್ಲಿ ಪಾಲಿಲ್ಲವೆಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟು ಹೇಳಿದೆ. ಆ ಪ್ರಕಾರ ಬಳೆ, ಓಲೆ, ಅವಲಕ್ಕಿ ಸರ ಎಲ್ಲವೂ ನನ್ನವೇ, ಅವರಿಗೂ ಅದರಲ್ಲಿ ತಕರಾರಿರಲಿಲ್ಲ. ಆದರೆ ನಮ್ಮಲ್ಲಿ ಕಟ್ಟುವ ತಾಳಿ ಎರಡು, ತವರಿನದೊಂದು, ಅತ್ತೆಮನೆಯದೊಂದು. ತವರಿನ ತಾಳಿಯನ್ನು ಅಮ್ಮ ಪೆಟ್ಟಿಗೆಯಲ್ಲಿಟ್ಟಿದ್ದರು. ಇನ್ನೊಂದನ್ನು ನಾನು ಚಿಕ್ಕ ಕುಂಕುಮದ ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿ ತಂದಿದ್ದೆ. ಮೇಜಿನ ಮೇಲಿಟ್ಟು, ಇದನ್ನು ವಾಪಸು ಕೊಡುತ್ತೇನೆಂದೆ. ಅವರು ಡಬ್ಬಿಯನ್ನು ಮುಟ್ಟಲಿಲ್ಲ. "ಇದು ನಂಗೊತ್ತಾಗಲ್ಲ. ಅಮ್ಮನ್ನ ಕೇಳಿ ಹೇಳ್ತೀನಿ" ಎಂದರು.

ಮುಂದಿನ ಸಲ ಬಂದಾಗ ಉತ್ತರ ತಂದಿದ್ದರು. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ, ಮೊಮ್ಮಗಳಿಗೆ ಏನಾದರೂ ಮಾಡಿಸಿಕೊಡಲಿ ಎಂದಿದ್ದರಂತೆ ಅತ್ತೆ. ನನಗೂ ಅತ್ತೆಗೂ ಅಷ್ಟಾಗಿ ಆಗಿಬಂದದ್ದಿಲ್ಲ. ಆ ಮಾತು ಔದಾರ್ಯವೋ ಬಿಂಕವೋ ಇಂದಿಗೂ ತಿಳಿದಿಲ್ಲ. ಒಪ್ಪಂದದಲ್ಲಿ ಇದೆಲ್ಲವೂ ಸೇರಿ, ಚಿನ್ನಾಭರಣಗಳ ಬಗ್ಗೆ ಉಭಯ ಪಕ್ಷಕಾರರ ನಡುವೆ ಯಾವುದೇ ತಕರಾರು ಇರುವುದಿಲ್ಲ ಎಂಬ ಅರ್ಥದ ಒಂದು ಸಾಲಾಯಿತು. ಡಬ್ಬಿ ಈಗಲೂ ನನ್ನ ಬೀರುವಿನಲ್ಲಿದೆ.

ಮಗಳ ವಿಷಯಕ್ಕೆ ಎರಡು ಪುಟ ಬೇಕಾಯಿತು. ವಾಸ ನನ್ನ ಜೊತೆ. ವಾರ ಬಿಟ್ಟು ವಾರ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ ಅಪ್ಪನ ಜೊತೆ. ಬೇಸಿಗೆ ರಜೆ ಅರ್ಧರ್ಧ. ಯುಗಾದಿ ಅಲ್ಲಿ, ದೀಪಾವಳಿ ಇಲ್ಲಿ, ಗಣೇಶನ ಹಬ್ಬ ಒಂದೊಂದು ವರ್ಷ ಒಂದೊಂದು ಕಡೆ. ಜ್ವರ ಬಂದ ದಿನ ಅಪ್ಪನ ಸರದಿಯಿದ್ದರೆ? ಪಾಸ್‌ಪೋರ್ಟಿಗೆ ಯಾರ ಸಹಿ? ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರ ನಂಬರು? ಮಧ್ಯಸ್ಥಗಾರರು ಒಂದೊಂದಾಗಿ ಕೇಳುತ್ತಿದ್ದರು, ನಾವು ಯೋಚಿಸಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂಬಂತೆ ಉತ್ತರಿಸುತ್ತಿದ್ದೆವು. ಈ ಪ್ರಶ್ನೆಗಳಲ್ಲಿ ಅರ್ಧದಷ್ಟನ್ನಾದರೂ ನಾವು ಒಂದೇ ಮನೆಯಲ್ಲಿದ್ದಾಗ ಹೀಗೆ ಕೂತು ಮಾತನಾಡಿದ್ದೆವೇ ಎಂದು ನೆನೆಸಿಕೊಂಡರೆ, ಇಲ್ಲ. ಆಗ ಜ್ವರ ಬಂದರೆ ನಾನು ರಜೆ ಹಾಕುತ್ತಿದ್ದೆ. ಅದು ಮಾತಿನ ವಿಷಯವೇ ಆಗಿರಲಿಲ್ಲ.

ಅಷ್ಟರಲ್ಲಿ ಮೇ 1ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು ಬಂದು, ಮರುದಿನದ ಪತ್ರಿಕೆ ಓದಿದ ಸೋದರಮಾವ ತುಮಕೂರಿನಿಂದ ಫೋನ್ ಮಾಡಿದರು: "ಇನ್ಮೇಲೆ ಆರು ತಿಂಗಳು ಕಾಯೋದು ಬೇಡವಂತಲ್ಲಮ್ಮ!" ವಿಷಯ ಹಾಗಿರಲಿಲ್ಲ. ಕೂಡಿ ಬಾಳಲು ಸಾಧ್ಯವೇ ಇಲ್ಲದಷ್ಟು ಮುರಿದ ಮದುವೆಯನ್ನು ಸಂವಿಧಾನದ 142ನೇ ವಿಧಿಯಡಿ ತಾನೇ ರದ್ದುಪಡಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿತ್ತು. ಆ ಅಧಿಕಾರ ಕೌಟುಂಬಿಕ ನ್ಯಾಯಾಲಯಕ್ಕಿಲ್ಲ. ನಮಗೆ ಒದಗಿದ್ದು 2017ರ ಅಮರ್‌ದೀಪ್ ಸಿಂಗ್ ಪ್ರಕರಣದ ತೀರ್ಪು. ಅರ್ಜಿ ಹಾಕಿದ ಮೇಲೆ ಕನಿಷ್ಠ ಆರು ತಿಂಗಳು ಕಾಯಬೇಕೆಂಬ 13ಬಿ(2)ರ ಮಾತು ಕಡ್ಡಾಯವಲ್ಲ. ಅರ್ಜಿಗೆ ಮೊದಲೇ ಹದಿನೆಂಟು ತಿಂಗಳು ಬೇರೆ ಇದ್ದಿದ್ದರೆ, ರಾಜಿಯ ಯತ್ನ ವಿಫಲವಾಗಿದ್ದರೆ, ಮಕ್ಕಳು ಮತ್ತು ಹಣದ ವಿಷಯ ನಿಜವಾಗಿ ಇತ್ಯರ್ಥವಾಗಿದ್ದರೆ, ಕಾಯುವುದು ಸಂಕಟವನ್ನು ಬೆಳೆಸುವುದಷ್ಟೇ ಆಗಿದ್ದರೆ, ಆ ಅವಧಿಯನ್ನು ಮನ್ನಾ ಮಾಡಬಹುದೆಂದು ಅದು ಹೇಳುತ್ತದೆ. ನಮಗೆ ಇಪ್ಪತ್ತು ತಿಂಗಳಾಗಿದ್ದವು. ಮಗಳ ಕೋಣೆಯಲ್ಲಿ ಮಲಗಿದ ಆ ಐದು ತಿಂಗಳು ಲೆಕ್ಕಕ್ಕೆ ಬಂದವು.

ಎರಡನೇ ಭೇಟಿಯ ನಂತರ ಒಪ್ಪಂದದ ಕರಡನ್ನು ನಾನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದಾಗ ಮಗಳು ಓದುತ್ತ ಕೂತಿದ್ದಳು. ಅವಳಿಗೆ ಆಗ ಹನ್ನೊಂದು, ಆ ಇರಾನಿ ಚಿತ್ರದ ದಂಪತಿಗಳ ಮಗಳು ತೆರ್ಮೆಯದೇ ವಯಸ್ಸು. ಆ ಚಿತ್ರದ ಕೊನೆಯಲ್ಲಿ ಅಪ್ಪನ ಜೊತೆಯೋ ಅಮ್ಮನ ಜೊತೆಯೋ ಎಂದು ನ್ಯಾಯಾಧೀಶರು ತೆರ್ಮೆಯನ್ನು ಕೇಳುತ್ತಾರೆ, ತಂದೆತಾಯಿಯನ್ನು ಹೊರಗೆ ಕಳುಹಿಸುತ್ತಾರೆ. ಇಬ್ಬರೂ ಮೊಗಸಾಲೆಯಲ್ಲಿ ಗಾಜಿನ ಆಚೆ ಒಬ್ಬರು ಈಚೆ ಒಬ್ಬರು ಕಾಯುತ್ತಿರುವಾಗಲೇ ಚಿತ್ರ ಮುಗಿದುಹೋಗುತ್ತದೆ, ಅವಳ ಉತ್ತರ ನಮಗೆ ತಿಳಿಯುವುದಿಲ್ಲ. ಒಪ್ಪಿಗೆಯ ಅರ್ಜಿಯಾದ್ದರಿಂದ ನಮ್ಮ ಮಗಳು ಆ ಜಾಗದಲ್ಲಿ ನಿಲ್ಲಬೇಕಾಗಿಲ್ಲ ಎಂಬುದೇ ಅಲ್ಲಿಯವರೆಗೆ ನನಗಿದ್ದ ದೊಡ್ಡ ಸಮಾಧಾನವಾಗಿತ್ತು. ಇಷ್ಟನ್ನಾದರೂ ಅವಳಿಗೆ ತಪ್ಪಿಸಿದೆವೆಂದು ಒಳಗೊಳಗೇ ಬೀಗಿದ್ದೆ ಕೂಡ. ಅವಳು ಹಾಳೆ ತಿರುಗಿಸಿ, "ನನ್ನ ಯಾರೂ ಕೇಳಲ್ವಾ?" ಎಂದಳು.

ನಾನು ಉತ್ತರಿಸಲಿಲ್ಲ. ಅವಳೇ ಮುಂದುವರಿಸಿದಳು: "ಶನಿವಾರ ಹತ್ತು ಗಂಟೆಗೆ ನಂಗೆ ಸಂಗೀತ ಪಾಠ ಇರತ್ತೆ. ಹನ್ನೆರಡೂವರೆಗೆ ಬಿಡ್ತಾರೆ. ನಿಮ್ಮಿಬ್ಬರಿಗೂ ಗೊತ್ತಲ್ವಾ ಅದು?"

ಗೊತ್ತಿತ್ತು. ಎರಡು ವರ್ಷದಿಂದ ಪ್ರತಿ ಶನಿವಾರ ಅವಳನ್ನು ಬಿಟ್ಟುಬರುತ್ತಿದ್ದವಳು ನಾನು. ತಿಂಗಳ ಶುಲ್ಕ ಕಟ್ಟುತ್ತಿದ್ದವರು ಅವರು. ಎರಡು ಪುಟದ ತುಂಬ ಅವಳ ಹೆಸರನ್ನೇ ಬರೆದಿದ್ದ ಇಬ್ಬರಿಗೂ ಅದು ನೆನಪಾಗಿರಲಿಲ್ಲ. ರಾತ್ರಿ ಅವರಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸುಮಾರು ಹೊತ್ತು ಮೌನವಿತ್ತು. "ಬೇರೆ ಏನಾದ್ರೂ ಹೇಳಿದ್ಳಾ?" ಎಂದರು. ಕೇಳೋಣ ಎಂದೆ. ಆ ಭಾನುವಾರ ಮೂವರೂ ಒಂದು ದರ್ಶಿನಿಯಲ್ಲಿ ನಿಂತು ದೋಸೆ ತಿನ್ನುತ್ತ, ಕರಡನ್ನು ಮೊದಲ ಸಾಲಿನಿಂದ ಅವಳಿಗೆ ಕನ್ನಡದಲ್ಲಿ ಹೇಳಿದೆವು. ಅವಳು ಇನ್ನೆರಡು ಬದಲಾವಣೆ ಹೇಳಿದಳು. ಒಂದು ನಮ್ಮಿಬ್ಬರಿಗೂ ನೋವು ತರುವಂಥದು, ಅದು ಅವಳದು, ಬರೆಯುವುದಿಲ್ಲ. ಇನ್ನೊಂದು, ಯಾರ ಮನೆಗೆ ಹೋಗುವಾಗಲೂ ಶ್ರುತಿ ಪೆಟ್ಟಿಗೆ ತನ್ನ ಜೊತೆ ಬರಬೇಕು, ಅದನ್ನು ‘ಆಮೇಲೆ ಕಳಿಸ್ತೀವಿ’ ಎನ್ನಬಾರದು. ಮೂರನೇ ಭೇಟಿಯಲ್ಲಿ ಮಧ್ಯಸ್ಥಗಾರರು 10 ಗಂಟೆಯನ್ನು ಹೊಡೆದು ಮಧ್ಯಾಹ್ನ 1 ಗಂಟೆ ಎಂದು ಬರೆಸಿದರು, ಸಂಗೀತ ಪಾಠ ಮುಗಿದ ನಂತರ ಎಂಬ ಮಾತನ್ನೂ ಸೇರಿಸಿದರು. ಶ್ರುತಿ ಪೆಟ್ಟಿಗೆಯ ಮಾತು ಕೇಳಿ, ಇದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ ಎಂದು ನಕ್ಕು, ಹಾಗೆಯೇ ಬರೆಸಿದರು.

ಡಿಕ್ರಿಯಾದದ್ದು ಜೂನ್ ಕೊನೆಯ ವಾರ. ಮೊಗಸಾಲೆಯ ಬೆಂಚಿನಲ್ಲಿ ಇಬ್ಬರಿಗಾಗುವಷ್ಟೇ ಜಾಗ ಉಳಿದಿತ್ತು, ಪಕ್ಕಪಕ್ಕವೇ ಕೂತೆವು. ನಮ್ಮ ನಡುವೆ ಗಾಜಿರಲಿಲ್ಲ, ಡಿ.ಡಿ. ಇದ್ದ ಪ್ಲಾಸ್ಟಿಕ್ ಫೈಲು ಇತ್ತು. ಅವರು ಮೆಲ್ಲಗೆ, "ಆ ಇರಾನಿ ಪಿಕ್ಚರ್ ನೆನಪಿದೆಯಾ ನಿಂಗೆ?" ಎಂದು ಕೇಳಿದರು. ಇದೆ ಎಂದೆ. "ನೀನು ಅವತ್ತು ಅವಳಿಗೆ ಎಷ್ಟು ಬೈದಿದ್ದೆ!" ಎಂದರು. ಅಷ್ಟರಲ್ಲಿ ಹೆಸರು ಕೂಗಿದರು. ಒಳಗೆ ಮತ್ತೆ ಅವೇ ಪ್ರಶ್ನೆಗಳು, ಒಪ್ಪಿಗೆ ಈಗಲೂ ಇದೆಯೇ, ಒಪ್ಪಂದವನ್ನು ಓದಿದ್ದೀರಾ, ಸಹಿ ನಿಮ್ಮದೇ ತಾನೆ. ಡಿ.ಡಿ. ಕೈಬದಲಾಯಿತು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿಯಲಿಲ್ಲ. ಧಾರೆಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು.

ದೃಢೀಕೃತ ನಕಲು ಕೈಗೆ ಬಂದದ್ದು ಕೆಲವು ವಾರಗಳ ಮೇಲೆ. ಅದರ ಪ್ರತಿ ತೆಗೆಸಲು ಅದೇ ಅಂಗಡಿಗೆ ಹೋದೆ; ಈ ಸಲ ಬ್ಲ್ಯಾಕ್ ಅಂಡ್ ವೈಟ್ ಸಾಕಾಗಿತ್ತು. ಮನೆಯಲ್ಲಿ ಮಗಳು ಅದನ್ನು ಇಸಿದುಕೊಂಡು ನೇರವಾಗಿ ನಾಲ್ಕನೇ ಪುಟಕ್ಕೆ ಹೋದಳು, ಬೆರಳಿಟ್ಟು ಹುಡುಕಿದಳು, 1 ಗಂಟೆ ಎಂದಿರುವುದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಹಾಳೆಗಳನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ ಶ್ರುತಿ ಹಿಡಿದಳು.